ಸಂಪಾಜೆ ಘಾಟಿಯಲ್ಲಿ ಸೋತ ಕಾರು

ಕೊಯನಾಡು ದಾಟಿ ಎರಡು ತಿರುವು ಹತ್ತಿದ್ದೆವಷ್ಟೆ, ಕಾರು ಸೋಲತೊಡಗಿತು. ಆಕ್ಸಿಲರೇಟರ್ ಒತ್ತಿದೆ, ಕೇಳಲಿಲ್ಲ. ಮೂರನೆಯ ಗೇರಿನಿಂದ ಎರಡಕ್ಕೆ ಇಳಿಸಿದೆ. ಸ್ವಲ್ಪ ದೂರ ಎಳೆಯಿತು, ಮತ್ತೆ ಮೆಲ್ಲಗಾಯಿತು. ಕೊನೆಗೆ ಒಂದನೆಯ ಗೇರಿನಲ್ಲಿ, ಜ್ವರದಿಂದ ಎದ್ದವರು ಮೆಟ್ಟಿಲು ಹತ್ತುವ ಹಾಗೆ ಹತ್ತುತ್ತಿತ್ತು. ಹಿಂದಿನಿಂದ ಮಡಿಕೇರಿ ಬಸ್ಸು ಹಾರ್ನ್ ಹೊಡೆದುಕೊಂಡು ಬಂತು. ರಸ್ತೆ ಸ್ವಲ್ಪ ಅಗಲವಾದ ಕಡೆ ಕಾರನ್ನು ಬದಿಗೆ ಹಾಕಿದೆ.

ಹಿಂದಿನ ಸೀಟಿನಲ್ಲಿ ನನ್ನ ಅಕ್ಕನ ಮಕ್ಕಳು. ಕಡಬದಿಂದ ಕ್ರಿಸ್‌ಮಸ್ ರಜೆಗೆಂದು ಕುಂಬ್ರದ ಹತ್ತಿರದ ನಮ್ಮ ಮನೆಗೆ ಬಂದಿದ್ದರು. ದೊಡ್ಡವಳು ಪುಟ್ಟಿ, ಎಂಟನೆಯ ತರಗತಿ. ಸಣ್ಣವನು ಐದನೆಯದು, ಮನೆಯಲ್ಲಿ ಎಲ್ಲರಿಗೂ ಅವನು ತಮ್ಮು. ಮಡಿಕೇರಿ ತೋರಿಸುತ್ತೇನೆ ಎಂದು ಮಾತು ಕೊಟ್ಟು ಹೊರಡಿಸಿದ್ದೆ.

“ಮಾವ, ಸುಳ್ಯದವರೆಗೆ ಚಂದ ಬಂತಲ್ಲ? ಈಗ ಎಂತ ಆಯ್ತು ಇದಕ್ಕೆ?” ಎಂದು ತಮ್ಮು ಕೇಳಿದ.

ನಿಜವಾಗಿಯೂ ಚಂದವೇ ಬಂದಿತ್ತು. ಜಾಲ್ಸೂರು, ಸುಳ್ಯ, ಅರಂತೋಡು, ಕಲ್ಲುಗುಂಡಿ, ಎಲ್ಲಿಯೂ ತೊಂದರೆ ಇರಲಿಲ್ಲ. ಚಕ್ರದ ಹಿಂದೆ ಕಲ್ಲು ಕೊಟ್ಟು, ಬಾನೆಟ್ ಎತ್ತಿ ನೋಡಿದೆ. ಹೊಗೆ ಇಲ್ಲ, ಬಿಸಿಯ ಮುಳ್ಳು ಮೇಲೆ ಹೋಗಿರಲಿಲ್ಲ. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗದವರ ಹಾಗೆ ಹೊರಟಿತು. ಹೊರಡುವ ಮೊದಲು ಆ ಕಲ್ಲನ್ನು ತಮ್ಮುವೇ ರಸ್ತೆಯಿಂದ ದೂರಕ್ಕೆ ಎತ್ತಿ ಇಟ್ಟ. ಘಾಟಿಯಲ್ಲಿ ಕೆಟ್ಟ ಗಾಡಿಯವರು ಚಕ್ರಕ್ಕೆ ಕೊಟ್ಟ ಕಲ್ಲನ್ನು ಅಲ್ಲೇ ಬಿಟ್ಟು ಹೋದರೆ, ರಾತ್ರಿ ಬರುವ ಬೈಕಿನವರಿಗೆ ಅದು ಕಾಣುವುದಿಲ್ಲ.

ಜೋಡುಪಾಲ ಬರುವುದರೊಳಗೆ ಮತ್ತೆ ಅದೇ ಕಥೆ. ಇಳಿಜಾರಿನಲ್ಲಿ ವಾಪಸು ತಿರುಗಿಸಿದೆ. ಪುಟ್ಟಿಗೆ ಬೇಸರವಾಗಿತ್ತು. ಆದರೂ ತನ್ನ ನೋಟ್‌ಬುಕ್ ತೆಗೆದು ಬರೆದಳು: “1. ಸಮ ರಸ್ತೆಯಲ್ಲಿ ಸರಿ. 2. ಸಣ್ಣ ಏರಿನಲ್ಲಿ ಸರಿ. 3. ಉದ್ದ ಏರಿನಲ್ಲಿ ಸೋಲುತ್ತದೆ. 4. ಹತ್ತು ನಿಮಿಷ ನಿಂತರೆ ಸರಿಯಾಗುತ್ತದೆ, ಮತ್ತೆ ಸೋಲುತ್ತದೆ.” ನಾಲ್ಕನೆಯ ಸಾಲನ್ನು ನೀವೂ ನೆನಪಿಡಿ ಮಕ್ಕಳೇ. ನಾನು ಅದನ್ನು ಮರೆತು ಒಂದು ವಾರ ಕಳೆದೆ.

ಆ ಸಂಜೆ ಮನೆಯ ಜಗಲಿಯಲ್ಲಿ ಲೆಕ್ಕ ಶುರುವಾಯಿತು. ಏರು ಹತ್ತುವುದೆಂದರೆ ಕಾರಿಗೆ ನಿಜವಾಗಿ ಎಷ್ಟು ಕೆಲಸ?

ಒಂದು ಕಿಲೋ ತೂಕದ ಬೆಲ್ಲದ ಅಚ್ಚನ್ನು ಒಂದು ಮೀಟರ್ ಮೇಲಕ್ಕೆ ಎತ್ತಿದರೆ ಸುಮಾರು ಹತ್ತು ಜೂಲ್ ಕೆಲಸ ಆಯಿತು. ಜೂಲ್ ಎಂದರೆ ಕೆಲಸವನ್ನು ಅಳೆಯುವ ಸೇರು ಎಂದುಕೊಳ್ಳಿ. ಸುಳ್ಯ ಸಮುದ್ರಮಟ್ಟದಿಂದ ಸುಮಾರು ನೂರು ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿ. ನಡುವಿನ ರಾಷ್ಟ್ರೀಯ ಹೆದ್ದಾರಿ 275 ಎಷ್ಟೇ ಸುತ್ತಿ ಬಳಸಿ ಹೋಗಲಿ, ಕೊನೆಗೆ ಕಾರು ನೇರ ಮೇಲಕ್ಕೆ ಸುಮಾರು ಒಂದು ಕಿಲೋಮೀಟರ್ ಏರಲೇಬೇಕು. ಜನ, ಚೀಲ ಎಲ್ಲ ಸೇರಿ ನಮ್ಮ ಸಣ್ಣ ಕಾರು ಸುಮಾರು ಸಾವಿರ ಕಿಲೋ. ಸಾವಿರ ಕಿಲೋ, ಸಾವಿರ ಮೀಟರ್, ಹತ್ತು ಜೂಲ್. ತಮ್ಮು ಸೊನ್ನೆಗಳನ್ನು ಬೆರಳಲ್ಲಿ ಎಣಿಸಿ ಕಣ್ಣರಳಿಸಿದ. “ಒಂದು ಕೋಟಿ ಜೂಲ್!”

ಒಂದು ಲೀಟರ್ ಪೆಟ್ರೋಲಿನಲ್ಲಿ ಮೂರು ಕೋಟಿ ಜೂಲಿಗಿಂತ ಸ್ವಲ್ಪ ಹೆಚ್ಚು ಶಕ್ತಿ ಅಡಗಿದೆ. ಹಾಗಾದರೆ ಒಂದು ಲೋಟ ಪೆಟ್ರೋಲಿನಲ್ಲಿ ಮಡಿಕೇರಿ ತಲಪಬೇಕಿತ್ತಲ್ಲ ಎಂದು ಪುಟ್ಟಿ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಆದರೆ ಎಂಜಿನ್ನಿನೊಳಗೆ ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಿರುಗಿಸುವ ಕೆಲಸಕ್ಕೆ ಬರುವುದು ಸುಮಾರು ಕಾಲು ಭಾಗ. ಉಳಿದದ್ದು ರೇಡಿಯೇಟರಿನ ಬಿಸಿಯಾಗಿ, ಸೈಲೆನ್ಸರಿನ ಬಿಸಿ ಹೊಗೆಯಾಗಿ ಹೋಗುತ್ತದೆ. ಹಾಗಾಗಿ ಬರೀ ಮೇಲೆ ಎತ್ತುವ ಕೆಲಸಕ್ಕೇ ಒಂದು ಲೀಟರಿಗಿಂತ ಹೆಚ್ಚು ಬೇಕು.

ಇಷ್ಟು ಕೆಲಸ ಎಷ್ಟು ಬೇಗ ಆಗಬೇಕು ಎನ್ನುವುದು ಇನ್ನೊಂದು ಮಾತು. ಅದನ್ನು ತಿಳಿಯಲು ತಮ್ಮುವನ್ನು ಮಹಡಿಯ ಮೆಟ್ಟಿಲು ಓಡಿ ಹತ್ತಿಸಿದೆವು. ಅವನ ತೂಕ 30 ಕಿಲೋ, ಮಹಡಿಯ ಎತ್ತರ 3 ಮೀಟರ್. ಆರು ಸೆಕೆಂಡಿನಲ್ಲಿ ಮೇಲಿದ್ದ. 900 ಜೂಲನ್ನು ಆರರಿಂದ ಭಾಗಿಸಿದರೆ ಸೆಕೆಂಡಿಗೆ 150 ಜೂಲ್, ಅಂದರೆ 150 ವಾಟ್. ಇದನ್ನು ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಬಿದ್ದು ಮೊಣಕಾಲು ಕೆರೆಸಿಕೊಳ್ಳಬೇಡಿ.

ಈಗ ಕಾರು. ಇಪ್ಪತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವ ಚಡಾವು ಎಂದಿಟ್ಟುಕೊಳ್ಳೋಣ. ಗಂಟೆಗೆ 36 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಹತ್ತು ಮೀಟರ್. ಹಾಗೆ ಹೋಗುವ ಕಾರು ಸೆಕೆಂಡಿಗೆ ಅರ್ಧ ಮೀಟರ್ ಮೇಲೇರುತ್ತದೆ. ಸಾವಿರ ಕಿಲೋ ಭಾರವನ್ನು ಹಾಗೆ ಏರಿಸಲು 5,000 ವಾಟ್. ಮೂವತ್ತಮೂರು ತಮ್ಮುಗಳು ಒಟ್ಟಿಗೆ, ದಣಿಯದೆ, ಮೆಟ್ಟಿಲು ಓಡಿ ಹತ್ತುತ್ತಲೇ ಇದ್ದ ಹಾಗೆ! ಇದೇ ವೇಗದಲ್ಲಿ ಸಮ ರಸ್ತೆಯ ಮೇಲೆ ಹೋಗಲು, ಚಕ್ರದ ಎಳೆತ, ಗಾಳಿಯ ತಡೆ ಎಲ್ಲ ಸೇರಿ ಬೇಕಾಗುವುದು ಸುಮಾರು 2,000 ವಾಟ್. ಏರಿನಲ್ಲಿ ಆ ಎರಡು ಸಾವಿರಕ್ಕೆ ಐದು ಸಾವಿರ ಸೇರಿ ಏಳು ಸಾವಿರವಾಯಿತು. ಜಾಲ್ಸೂರಿನ ರಸ್ತೆಯಲ್ಲಿ ಎಂಜಿನ್ ಮಾಡುತ್ತಿದ್ದ ಕೆಲಸದ ಮೂರೂವರೆ ಪಟ್ಟು. ಪೆಟ್ರೋಲು, ಗಾಳಿ, ಕಿಡಿ, ಎಲ್ಲದರ ಮೇಲೂ ಅಷ್ಟು ಹೆಚ್ಚು ಭಾರ.

“ಹಾಗಾದ್ರೆ ನಮ್ಮ ನೆಟ್ಟಣದ ರೈಲಿಗೆ?” ಎಂದ ತಮ್ಮು. ಅವನ ಮನೆಯಿಂದ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣ ದೂರವಿಲ್ಲ. ಅಲ್ಲಿಂದ ಸಕಲೇಶಪುರದವರೆಗಿನ 55 ಕಿಲೋಮೀಟರ್ ಘಾಟಿ ದಾರಿಯಲ್ಲಿ 57 ಸುರಂಗಗಳಿವೆ. ಉಕ್ಕಿನ ಚಕ್ರಕ್ಕೆ ಉಕ್ಕಿನ ಹಳಿಯ ಮೇಲೆ ಹಿಡಿತ ಕಡಿಮೆ. ರಸ್ತೆಯ ಹಾಗೆ ಕಡಿದಾಗಿ ಹತ್ತಿಸಿದರೆ ಚಕ್ರ ಜಾರುತ್ತದೆ. ಆದ್ದರಿಂದ ಅಲ್ಲಿ ಐವತ್ತು ಮೀಟರಿಗೆ ಒಂದು ಮೀಟರ್ ಮಾತ್ರ ಏರು. ಅದೂ ಸಾಲದೆಂದು ಭಾರದ ರೈಲಿಗೆ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ. ಹಿಂದಿನಿಂದ ತಳ್ಳುವ ಆ ಎಂಜಿನ್ನುಗಳನ್ನು ಬ್ಯಾಂಕರ್ ಎನ್ನುತ್ತಾರೆ. ಮಳೆಗಾಲದಲ್ಲಿ ಮಂಜಿನ ನಡುವೆ ಅವು ಗುಡುಗುವುದನ್ನು ಕೇಳಿದವರು ಮರೆಯಲಾರರು. ನಮ್ಮ ಕಾರಿಗೆ ಬ್ಯಾಂಕರ್ ಇಲ್ಲ. ಅದರ ಬದಲು ಗೇರು ಇದೆ. ಸಣ್ಣ ಗೇರಿನಲ್ಲಿ ಚಕ್ರ ಒಂದು ಸುತ್ತು ಬರಲು ಎಂಜಿನ್ ಹೆಚ್ಚು ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೆ ಬೀಳುವ ಭಾರ ಕಡಿಮೆ.

ಮರುದಿನ ಪುತ್ತೂರಿನ ಒಂದು ಗ್ಯಾರೇಜಿಗೆ ಹೋದೆವು. ಅಲ್ಲಿಯ ಮೇಸ್ತ್ರಿಗಳು ವಯಸ್ಸಾದವರು. ಜೀಪುಗಳ ಕಾಲದಿಂದ ಗಾಡಿ ಬಿಚ್ಚಿ ಜೋಡಿಸಿದ ಕೈ. ಬಾನೆಟ್ ಎತ್ತುವ ಮೊದಲು ಅವರು ಒಂದು ಪ್ರಶ್ನೆ ಕೇಳಿದರು: “ಎಳೆಯುವುದಿಲ್ಲ ಅಂದ್ರೆ ಹೇಗೆ? ಎಂಜಿನ್ ಕೂಗ್ತಾ ಇತ್ತಾ, ಅಲ್ಲ ಎಂಜಿನ್ನೇ ಅಡಗ್ತಾ ಇತ್ತಾ?”

ಎಂಥ ಒಳ್ಳೆಯ ಪ್ರಶ್ನೆ ನೋಡಿ! ಎಂಜಿನ್ನಿನ ತಿರುಗುವಿಕೆಯನ್ನು ಗೇರಿಗೆ ದಾಟಿಸುವುದು ಕ್ಲಚ್. ಎರಡು ಅಂಗೈಗಳನ್ನು ಗಟ್ಟಿಯಾಗಿ ಒತ್ತಿ ಹಿಡಿದು ಒಂದನ್ನು ತಿರುಗಿಸಿ, ಇನ್ನೊಂದೂ ಜೊತೆಗೇ ತಿರುಗುತ್ತದೆ. ಒತ್ತು ಸಡಿಲವಾದರೆ ಒಂದು ಜಾರುತ್ತದೆ, ಬಿಸಿಯಾಗುತ್ತದೆ, ಇನ್ನೊಂದು ಅಲ್ಲೇ ಇರುತ್ತದೆ. ಸವೆದ ಕ್ಲಚ್ಚಿನ ಗಾಡಿಯಲ್ಲಿ ಹೀಗೇ: ಏರಿನಲ್ಲಿ ಎಂಜಿನ್ ಜೋರು ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ನಮ್ಮದು ಹಾಗಿರಲಿಲ್ಲ. ನಮ್ಮ ಎಂಜಿನ್ನಿನ ಸದ್ದೇ ಅಡಗಿತ್ತು. ಇದನ್ನು ಹೇಳಿದ್ದು ಪುಟ್ಟಿ. ನನಗೆ ಹಿಂದಿನ ಬಸ್ಸಿನ ಹಾರ್ನ್ ಮಾತ್ರ ನೆನಪಿತ್ತು. ಒಂದು ಪ್ರಶ್ನೆಗೆ ಕ್ಲಚ್ ಸಂಶಯದ ಪಟ್ಟಿಯಿಂದ ಹೊರಗೆ ಹೋಯಿತು.

ಆಮೇಲೆ ಬ್ರೇಕು. ಬ್ರೇಕ್ ಹಿಡಿದುಕೊಂಡೇ ಇದ್ದರೆ ಏರಿನಲ್ಲಿ ಯಾವ ಗಾಡಿಯೂ ಸೋಲುತ್ತದೆ. ಕಾರನ್ನು ಸಮ ನೆಲದಲ್ಲಿ ನ್ಯೂಟ್ರಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಡಿಸಿ, “ಮಕ್ಕಳೇ, ನೂಕಿ ನೋಡುವ” ಎಂದರು ಮೇಸ್ತ್ರಿಗಳು. ಇಬ್ಬರೂ ಬೆನ್ನು ಕೊಟ್ಟು ನೂಕಿದರು. ಅಷ್ಟು ಭಾರದ ಕಾರು ಮೆಲ್ಲಗೆ ಉರುಳಿತು! ಇಬ್ಬರ ಮುಖದಲ್ಲೂ ಹೆಮ್ಮೆ. ಗಾಳಿ ತುಂಬಿದ ಟಯರು ಸಮ ನೆಲದಲ್ಲಿ ಉರುಳಲು ಬಹಳ ಬಲ ಬೇಡ. ಬ್ರೇಕ್ ಹಿಡಿದಿದ್ದರೆ ಒಂದು ಅಂಗುಲವೂ ಅಲುಗುತ್ತಿರಲಿಲ್ಲ.

ಹಾಗಾದರೆ ತೊಂದರೆ ಎಂಜಿನ್ನಿನಲ್ಲೇ ಉಂಟು. ಎಂಜಿನ್ನಿಗೆ ಬೇಕಾದದ್ದು ಮೂರು: ಗಾಳಿ, ಪೆಟ್ರೋಲು, ಸರಿಯಾದ ಹೊತ್ತಿಗೆ ಕಿಡಿ. ಮೇಸ್ತ್ರಿಗಳು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಪ್ಲಗ್ಗಿನ ತುದಿಯ ಬಣ್ಣ ಎಂಜಿನ್ನಿನ ಹೊಟ್ಟೆಯ ವಿಷಯ ಹೇಳುತ್ತದೆಯಂತೆ. ಹಾಲು ಹೆಚ್ಚು ಹಾಕಿದ ಕಾಫಿಯ ಬಣ್ಣವಿದ್ದರೆ ಆರೋಗ್ಯ. ಮಸಿ ಹಿಡಿದು ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು. ಬಿಳಿಚಿಕೊಂಡಿದ್ದರೆ ಗಾಳಿಗೆ ತಕ್ಕ ಪೆಟ್ರೋಲು ಸಿಗುತ್ತಿಲ್ಲ. ನಮ್ಮವು ಸ್ವಲ್ಪ ಬಿಳಿಚಿದಂತಿದ್ದವು. ಪುಟ್ಟಿ ಬರೆದುಕೊಂಡಳು: “5. ಪ್ಲಗ್ ಬಿಳಿ.” ಕಿಡಿ ಚೆನ್ನಾಗಿಯೇ ಬರುತ್ತಿತ್ತು. ನಾವು ಏರಿನಲ್ಲಿದ್ದಾಗ ಕಾರು ಜಗ್ಗಿ ಜಗ್ಗಿ ಮಿಸ್ಸಿಂಗ್ ಹೊಡೆದಿರಲೂ ಇಲ್ಲ.

ಆಮೇಲೆ ಏರ್ ಫಿಲ್ಟರಿನ ಪೆಟ್ಟಿಗೆ ತೆರೆದರು. ಎಲ್ಲರೂ ಒಟ್ಟಿಗೆ “ಅಯ್ಯೋ” ಎಂದೆವು.

ಒಳಗೊಂದು ಗೂಡು! ಅಡಿಕೆ ಸಿಪ್ಪೆಯ ನಾರನ್ನು ಹತ್ತಿಯ ಹಾಗೆ ಹಿಂಜಿ, ಹಳೆಯ ಪೇಪರಿನ ಚೂರು, ಗೋಣಿಯ ದಾರ, ಯಾವುದೋ ಕೆಂಪು ಬಟ್ಟೆಯ ಎಳೆ ಸೇರಿಸಿ, ಅಂಗೈಯಗಲದ ಮೆತ್ತನೆಯ ಬಟ್ಟಲು ಮಾಡಿಟ್ಟಿತ್ತು ಇಲಿ. ಬದಿಯಲ್ಲಿ ಐದಾರು ಭತ್ತದ ಸಿಪ್ಪೆ. ಮರಿ ಇಲ್ಲವಷ್ಟೇ ಎಂದು ತಮ್ಮು ಹೆದರಿ ಹೆದರಿ ಇಣುಕಿದ. ಮರಿ ಇರಲಿಲ್ಲ, ತಾಯಿ ಯಾವಾಗಲೋ ಬಿಟ್ಟು ಹೋಗಿತ್ತು. ನಮ್ಮ ಕಾರು ನಿಲ್ಲುವುದು ಅಡಿಕೆ ಒಣಹಾಕುವ ಅಂಗಳದ ಪಕ್ಕದ ಶೆಡ್ಡಿನಲ್ಲಿ. ಸಿಪ್ಪೆ ಅಲ್ಲೇ ರಾಶಿ ಬಿದ್ದಿರುತ್ತದೆ, ಕಾರು ಬಂದು ನಿಂತ ಮೇಲೆ ಎಂಜಿನ್ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಬಾಣಂತಿ ಇಲಿಗೆ ಇದಕ್ಕಿಂತ ಒಳ್ಳೆಯ ಕೋಣೆ ಎಲ್ಲಿ ಸಿಗಬೇಕು?

ಒಂದು ಲೀಟರ್ ಪೆಟ್ರೋಲು ಉರಿಯಲು ಎಷ್ಟು ಗಾಳಿ ಬೇಕು, ಊಹಿಸಿ. ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ. ಲೆಕ್ಕ ಹಾಕಿದರೆ ಲೀಟರಿಗೆ ಹನ್ನೊಂದು ಕಿಲೋ ಗಾಳಿ, ಸುಮಾರು ಒಂಬತ್ತು ಸಾವಿರ ಲೀಟರ್. ಮನೆಯ ಮೇಲಿನ ಸಾವಿರ ಲೀಟರಿನ ಕಪ್ಪು ಟಾಂಕಿಗಳಿವೆಯಲ್ಲ, ಅಂಥವು ಒಂಬತ್ತು ತುಂಬುವಷ್ಟು. ಈ ಗಾಳಿಯೆಲ್ಲ ಆ ಒಂದು ಕಾಗದದ ಫಿಲ್ಟರಿನ ಮಡಿಕೆಗಳ ಮೂಲಕವೇ ಒಳಗೆ ಹೋಗಬೇಕು. ನಮ್ಮ ಫಿಲ್ಟರಿನ ಅರ್ಧ ಗೂಡಿನಡಿ ಮುಚ್ಚಿತ್ತು, ಉಳಿದರ್ಧ ಕೆಂಪು ಧೂಳಿನಿಂದ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

ಕಳ್ಳ ಸಿಕ್ಕಿದ ಎಂದು ನಮಗೆಲ್ಲ ಸಂತೋಷ. ಹೊಸ ಫಿಲ್ಟರ್ ಹಾಕಿಸಿ, ಪರೀಕ್ಷೆಗೆಂದು ಪುತ್ತೂರಿನ ಬೀರಮಲೆ ಗುಡ್ಡ ಹತ್ತಿಸಿದೆವು. ಕಾರು ಮೊದಲಿಗಿಂತ ಚುರುಕಾಗಿ, ಎಲ್ಲಿಯೂ ಸೋಲದೆ ಹತ್ತಿತು. ತಮ್ಮು ಗುಡ್ಡದ ಮೇಲೆ ನಿಂತು ಚಪ್ಪಾಳೆ ತಟ್ಟಿದ. ಮೇಸ್ತ್ರಿಗಳು ಮಾತ್ರ ಹೊರಡುವಾಗ ಹೇಳಿದ್ದರು: “ಘಾಟಿ ಹತ್ತಿಸಿ ನೋಡಿ, ಆಮೇಲೆ ಹೇಳಿ.”

ಒಂದು ವಾರದ ಮೇಲೆ ನಾನೊಬ್ಬನೇ ಸಂಪಾಜೆ ಘಾಟಿಗೆ ಹೋದೆ. ಕೊಯನಾಡು ದಾಟಿತು, ಜೋಡುಪಾಲವೂ ದಾಟಿತು. ಇನ್ನೇನು ಗೆದ್ದೆ ಎಂದುಕೊಳ್ಳುವಾಗ ಕಾರು ಮೆಲ್ಲಗೆ ಸೋಲತೊಡಗಿತು. ಹಿಂದಿನ ಸಲಕ್ಕಿಂತ ಸ್ವಲ್ಪ ತಡವಾಗಿ, ಆದರೆ ಅದೇ ರೀತಿ. ಹತ್ತು ನಿಮಿಷ ನಿಂತೆ, ಸರಿಯಾಯಿತು. ಮತ್ತೆ ಸೋತಿತು.

ಮನೆಗೆ ಬಂದು ಹೇಳಿದಾಗ ಪುಟ್ಟಿ ನೋಟ್‌ಬುಕ್ ತೆಗೆದಳು. “ಮಾವ, ಗೂಡು ಹತ್ತು ನಿಮಿಷದಲ್ಲಿ ಎಲ್ಲಿಗೂ ಹೋಗುವುದಿಲ್ಲವಲ್ಲ. ಹಾಗಾದ್ರೆ ನಿಂತ ಮೇಲೆ ಸರಿಯಾದದ್ದು ಹೇಗೆ? ನಾಲ್ಕನೆಯದಕ್ಕೆ ಉತ್ತರ ಸಿಗಲೇ ಇಲ್ಲ. ಐದನೆಯದಕ್ಕೂ ಇಲ್ಲ. ಗಾಳಿಯೇ ಕಡಿಮೆ ಆದದ್ದಾದರೆ ಪ್ಲಗ್ ಬಿಳಿ ಆದದ್ದು ಯಾಕೆ?”

ನನಗೆ ಬಾಯಿ ಕಟ್ಟಿತು. ಆ ಗೂಡು ನಿಜವಾದ ತೊಂದರೆಯೇ, ತೆಗೆಯಲೇಬೇಕಿತ್ತು. ಆದರೆ ಅದನ್ನು ಕಂಡ ಸಂತೋಷದಲ್ಲಿ ನಾವು ಉಳಿದ ಸಾಲುಗಳನ್ನು ಓದುವುದನ್ನೇ ನಿಲ್ಲಿಸಿದ್ದೆವು. ಬೀರಮಲೆಯ ಏರು ಚಿಕ್ಕದು. ಅಲ್ಲಿಯ ಪರೀಕ್ಷೆ ನಮ್ಮ ಪ್ರಶ್ನೆಗೆ ಸಾಲುವಂಥದ್ದಾಗಿರಲಿಲ್ಲ.

ಉತ್ತರ ಸಿಕ್ಕಿದ್ದು ತೋಟದಲ್ಲಿ. ಮಳೆ ಬಿಟ್ಟು ವಾರಗಳಾಗಿದ್ದವು, ಅಡಿಕೆ ಮರಗಳಿಗೆ ನೀರು ಬಿಡಲು ಶುರು ಮಾಡಿದ್ದೆವು. ಒಂದು ಲೈನಿನ ಸ್ಪ್ರಿಂಕ್ಲರ್ ಬಿಟ್ಟಾಗ ನೀರು ಚೆನ್ನಾಗಿ ಚಿಮ್ಮುತ್ತಿತ್ತು. ಮೇಲಿನ ತಟ್ಟಿನ ಲೈನುಗಳನ್ನೂ ತೆರೆದರೆ ಸ್ವಲ್ಪ ಹೊತ್ತು ಚಿಮ್ಮಿ, ಆಮೇಲೆ ಬಾಡಿ ಬೀಳುತ್ತಿತ್ತು. ಪಂಪು ನಿಲ್ಲಿಸಿ ಮತ್ತೆ ಹಾಕಿದರೆ ಪುನಃ ಸರಿ. ನನ್ನ ಅಪ್ಪ ನೋಡಿದವರೇ, “ಫುಟ್‌ವಾಲ್ವಿಗೆ ಎಲೆ ಹಿಡಿದಿದೆ” ಎಂದು ಕೆರೆಗೆ ಇಳಿದರು. ಕೊಳವೆಯ ಬುಡವನ್ನು ಎತ್ತಿದಾಗ ಜರಡಿಯ ತುಂಬ ಕೊಳೆತ ಮಾವಿನೆಲೆ. ಪಂಪು ನಡೆಯುವಾಗ ಹೀರುವ ಬಲಕ್ಕೆ ಎಲೆಗಳು ಬಂದು ಜರಡಿಗೆ ಅಂಟುತ್ತವೆ. ಪಂಪು ನಿಂತರೆ ಸಡಿಲವಾಗಿ ಕೆಲವು ಉದುರುತ್ತವೆ.

ದಡದಲ್ಲಿ ನಿಂತಿದ್ದ ತಮ್ಮು ಕೂಗಿಕೊಂಡ: “ಮಾವ! ನಮ್ಮ ಕಾರಿನ ಹಾಗೇ ಉಂಟು ಇದು!”

ಇನ್ನೊಂದು ಸಲ ಓದಿ ನೋಡಿ. ಒಂದು ಲೈನಿಗೆ ಸರಿ, ಎಲ್ಲ ಲೈನಿಗೆ ಸಾಲದು: ಸಮ ರಸ್ತೆಗೆ ಸರಿ, ಏರಿಗೆ ಸಾಲದು. ನಿಲ್ಲಿಸಿದರೆ ಸರಿ, ಮತ್ತೆ ಸೋಲು. ನನಗೆ ಅವನನ್ನು ಎತ್ತಿ ಕುಣಿಸಬೇಕೆನಿಸಿತು. ಕಾರಿಗೂ ಒಂದು ಕೆರೆಯಿದೆ, ಅದು ಪೆಟ್ರೋಲ್ ಟಾಂಕಿ. ಅದರೊಳಗೆ ಮುಳುಗಿಕೊಂಡು ಕೆಲಸ ಮಾಡುವ ಸಣ್ಣ ಪಂಪಿದೆ. ಪಂಪಿನ ಬುಡದಲ್ಲಿ ಜರಡಿಯೂ ಇದೆ.

ಮೇಸ್ತ್ರಿಗಳಿಗೆ ಹೇಳಿದಾಗ ಅವರು ತಮ್ಮುವಿನ ತಲೆ ಸವರಿದರು. “ಬಿಳಿ ಪ್ಲಗ್ ನೋಡಿದಾಗ ನನಗೂ ಹಾಗೇ ಸಂಶಯ ಇತ್ತು.” ಪೆಟ್ರೋಲಿನ ಕೊಳವೆಗೆ ಒತ್ತಡದ ಮೀಟರ್ ಜೋಡಿಸಿದರು. ಎಂಜಿನ್ ಸುಮ್ಮನೆ ಓಡುತ್ತಿರುವಾಗ ಮುಳ್ಳು ಮೂರು ಬಾರ್ ಹತ್ತಿರ ನಿಂತಿತು, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಮೂರು ಪಟ್ಟು. ಎಂಜಿನ್ ಜೋರಾಗಿ ಕುಡಿಯತೊಡಗಿ ಸ್ವಲ್ಪ ಹೊತ್ತಾದ ಮೇಲೆ ಮುಳ್ಳು ಮೆಲ್ಲಗೆ, ನೋಡನೋಡುತ್ತ, ಕೆಳಗಿಳಿಯಿತು. ಸ್ಪ್ರಿಂಕ್ಲರ್ ಬಾಡಿದ ಹಾಗೆಯೇ.

ಟಾಂಕಿ ತೆರೆಯುವ ದಿನ ಮಕ್ಕಳಿಗೆ ದೂರದ ಹಲಸಿನ ಮರದ ಕೆಳಗೆ ಜಾಗ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದುಕೊಂಡು ಹೋಗಿ ಎಲ್ಲೋ ಇರುವ ಕಿಡಿಗೆ ತಾಗಬಹುದು. ಮೇಸ್ತ್ರಿಗಳು ಮೊದಲು ಬ್ಯಾಟರಿಯ ವಯರು ಬಿಡಿಸಿದರು, ಸುತ್ತಲೂ ಬೀಡಿ ಹಚ್ಚಿದವರಿಲ್ಲವೆಂದು ನೋಡಿಕೊಂಡರು. ಈ ಕೆಲಸವನ್ನು ಯಾರೂ ಮನೆಯಲ್ಲಿ ಮಾಡಬಾರದು, ದೊಡ್ಡವರು ಕೂಡ.

ಆವಿಯೆಲ್ಲ ಆರಿದ ಮೇಲೆ ಜರಡಿಯನ್ನು ಒಂದು ಬಟ್ಟಲಲ್ಲಿಟ್ಟು ಮಕ್ಕಳ ಹತ್ತಿರ ತಂದರು. ಚಹಾ ಸೋಸುವ ಬಟ್ಟೆಯ ಹಾಗೆ ಬೆಳ್ಳಗಿರಬೇಕಾದದ್ದು, ಕೆಸುವಿನ ಗೆಡ್ಡೆಗೆ ಮೆತ್ತಿದ ಮಣ್ಣಿನಂತೆ ಕಂದು ಲೋಳೆ ಹಿಡಿದು ಕುಳಿತಿತ್ತು. ಪುಟ್ಟಿ ಕಡ್ಡಿಯಲ್ಲಿ ಕೆರೆದು ಬಿಳಿ ಕಾಗದದ ಮೇಲೆ ಹರಡಿದಳು. ನುಣ್ಣನೆಯ ಕೆಂಪು ಹುಡಿ. ಮೇಲೆ ಅಯಸ್ಕಾಂತ ಹಿಡಿದಾಗ ಅದರಲ್ಲಿ ಕೆಲವು ಕಣಗಳು ಅಲುಗಿದವು. ತುಕ್ಕಿನಲ್ಲಿ ಕೆಲವು ಬಗೆ ಅಯಸ್ಕಾಂತಕ್ಕೆ ಅಂಟುತ್ತವೆ, ಮಣ್ಣಿನ ಧೂಳು ಅಂಟುವುದು ಅಪರೂಪ. ಎರಡೂ ಇದ್ದವು.

ತುಕ್ಕು ಟಾಂಕಿಯೊಳಗೆ ಹೇಗೆ ಬಂತು? ನಮ್ಮೂರಿನಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಮಳೆಗಾಲವಿಡೀ ಗಾಳಿ ಒದ್ದೆ. ನಮ್ಮ ಹಳೆಯ ಕಾರಿನ ಟಾಂಕಿ ಉಕ್ಕಿನದು, ನಾನು ಅದನ್ನು ಎಂದೂ ತುಂಬಿಸಿದವನಲ್ಲ. ಖಾಲಿ ಭಾಗದಲ್ಲಿ ಒದ್ದೆ ಗಾಳಿ ಸೇರಿ, ರಾತ್ರಿಯ ತಂಪಿಗೆ ಗೋಡೆಯ ಮೇಲೆ ಹನಿಯಾಗಿ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಉಕ್ಕು, ನೀರು, ಗಾಳಿ ಸೇರಿದರೆ ತುಕ್ಕು. ವರ್ಷಗಟ್ಟಲೆ ಹೀಗೆ ನಡೆದಿತ್ತು.

“ಏರು ನಿಮ್ಮ ಗಾಡಿಯನ್ನು ಹಾಳು ಮಾಡಲಿಲ್ಲ,” ಎಂದರು ಮೇಸ್ತ್ರಿಗಳು ಕೈ ಒರೆಸುತ್ತ. “ಹಾಳಾದದ್ದು ಪುತ್ತೂರಿನಲ್ಲೇ ಇತ್ತು. ಕಡಿಮೆ ಪೆಟ್ರೋಲು ಸಾಕಾಗುವಲ್ಲಿ ಯಾರಿಗೂ ಗೊತ್ತಾಗಲಿಲ್ಲ.”

ಟಾಂಕಿ ತೊಳೆದು, ಜರಡಿ ಮತ್ತು ಪೆಟ್ರೋಲ್ ಫಿಲ್ಟರ್ ಹೊಸದು ಹಾಕಿದರು. ಮಕ್ಕಳಿಗೆ ಅಷ್ಟರಲ್ಲಿ ಶಾಲೆ ಶುರುವಾಗಿತ್ತು. ಸಂಕ್ರಾಂತಿಯ ರಜೆಗೆ ಮತ್ತೆ ಬಂದರು. ಆ ದಿನ ಕೊಯನಾಡು, ಜೋಡುಪಾಲ, ಮದೆನಾಡು ಒಂದೊಂದಾಗಿ ದಾಟುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಎಲ್ಲರ ಕಿವಿಯೂ ಎಂಜಿನ್ನಿನ ಮೇಲೆ. ಮಡಿಕೇರಿಯ ಮೊದಲ ಅಂಗಡಿಗಳು ಕಂಡಾಗ ತಮ್ಮು ಸೀಟಿನ ಮೇಲೆ ಎದ್ದು ನಿಂತ.

ಮೇಲೆ ತಲಪಿ ತಿಂಡಿಯ ಚೀಲ ತೆರೆದಾಗ ಪುಟ್ಟಿ ಒಂದು ವಿಚಿತ್ರ ಕಂಡಳು. ಪುತ್ತೂರಿನಲ್ಲಿ ಕೊಂಡ ಬಾಳೆಕಾಯಿ ಚಿಪ್ಸಿನ ಪೊಟ್ಟಣ ದಿಂಬಿನ ಹಾಗೆ ಉಬ್ಬಿ ಬಿಗಿಯಾಗಿತ್ತು. ಪೊಟ್ಟಣದೊಳಗಿದ್ದದ್ದು ಕೆಳಗಿನ ಊರಿನ ದಟ್ಟ ಗಾಳಿ. ಮಡಿಕೇರಿಯ ಗಾಳಿ ಅದಕ್ಕಿಂತ ಸುಮಾರು ಶೇಕಡಾ ಹತ್ತರಷ್ಟು ತೆಳು, ಹೊರಗಿನ ಒತ್ತು ಕಡಿಮೆಯಾದ್ದರಿಂದ ಒಳಗಿನದು ಹಿಗ್ಗಿತ್ತು. ನಮ್ಮದರಂಥ ಸಾದಾ ಎಂಜಿನ್ ಪ್ರತಿ ಉಸಿರಿಗೆ ಎಳೆಯುವುದೂ ಇದೇ ತೆಳು ಗಾಳಿಯನ್ನು. ಆದ್ದರಿಂದ ಯಾವ ರೋಗವಿಲ್ಲದಿದ್ದರೂ ಮಡಿಕೇರಿಯಲ್ಲಿ ಅದರ ಬಲ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ. ಟರ್ಬೊ ಇರುವ ಗಾಡಿಗಳು ಗಾಳಿಯನ್ನು ಒತ್ತಿ ತುಂಬಿಕೊಳ್ಳುವುದರಿಂದ ಅವಕ್ಕೆ ಇದು ಅಷ್ಟು ತಟ್ಟುವುದಿಲ್ಲ. ಪೊಟ್ಟಣವನ್ನು ಒಡೆಯಬಾರದು, ಕೆಳಗೆ ಹೋದ ಮೇಲೆ ನೋಡಬೇಕು ಎಂದು ಪುಟ್ಟಿ ಹಟ ಹಿಡಿದಳು. ತಮ್ಮುವಿಗೆ ಅದು ದೊಡ್ಡ ತ್ಯಾಗ.

ಇಳಿಯುವಾಗ ಅವನ ಪ್ರಶ್ನೆ ಬಂತು. “ಮಾವ, ಹತ್ತುವಾಗ ಒಂದು ಕೋಟಿ ಜೂಲ್ ಹಾಕಿದೆವಲ್ಲ, ಈಗ ಇಳಿಯುವಾಗ ಅದು ಎಲ್ಲಿ ಹೋಗ್ತದೆ?”

ಬಿಟ್ಟರೆ ವೇಗವಾಗಿ ಹೋಗುತ್ತದೆ, ಅದಕ್ಕೇ ಬಿಡಬಾರದು. ಯಾವ ಗೇರಿನಲ್ಲಿ ಹತ್ತಿದೆವೋ ಅದೇ ಗೇರಿನಲ್ಲಿ ಇಳಿಯಬೇಕು ಎಂದು ಘಾಟಿಯ ಡ್ರೈವರುಗಳು ಹೇಳುತ್ತಾರೆ. ಆಗ ಎಂಜಿನ್ನೇ ಗಾಡಿಯನ್ನು ಹಿಡಿದೆಳೆಯುತ್ತದೆ. ಉಳಿದ ಕೆಲಸ ಬ್ರೇಕಿನದು; ಅದು ಉಜ್ಜಿ ಉಜ್ಜಿ ವೇಗವನ್ನು ಬಿಸಿಯಾಗಿ ಬದಲಿಸುತ್ತದೆ. ಇಳಿಜಾರಿನುದ್ದಕ್ಕೂ ಬ್ರೇಕನ್ನೇ ತುಳಿದುಕೊಂಡು ಬಂದರೆ ಅದು ಅತಿಯಾಗಿ ಕಾದು ಹಿಡಿತವನ್ನೇ ಕಳೆದುಕೊಳ್ಳುತ್ತದೆ. ನಾನು ಎರಡನೆಯ ಗೇರಿನಲ್ಲೇ ಮೆಲ್ಲಗೆ ಇಳಿಸಿದೆ.

ಕಲ್ಲುಗುಂಡಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಪುಟ್ಟಿ ಪೊಟ್ಟಣವನ್ನು ಹೊರತೆಗೆದಳು. ಬಿಗಿ ಹೋಗಿ ಸಡಿಲವಾಗಿತ್ತು. ಅದನ್ನು ಬರೆದುಕೊಂಡ ಮೇಲೆ ತಮ್ಮನ ಕೈಗೆ ಕೊಡಲು ಹೊರಟರೆ ಅವನು ಅಲ್ಲಿರಲಿಲ್ಲ. ಮುಂದಿನ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕೂತು, ನಾನು ಹೇಳಿದ್ದ ಹಾಗೆ ಮುಟ್ಟದೆ, ಒಂದು ಗೇಣು ದೂರದಲ್ಲಿ ಅಂಗೈ ಹಿಡಿದುಕೊಂಡಿದ್ದ.

“ಮಾವ, ಒಂದು ಕೋಟಿಯಲ್ಲಿ ಸ್ವಲ್ಪ ಇಲ್ಲೇ ಉಂಟು,” ಎಂದ. “ಬಿಸಿ ಬಿಸಿ ಬರ್ತಾ ಉಂಟು.”